ಇಳಿದು ಹೋದವನ ದಾರಿ

"ಚೆಂದದ ಚಿತ್ರ ನೋಡಿ ಮರುಳಾಗೋದು ಬೇಡ ಅಂತ ಅವರಿಗೆ ಹೇಳಿ," ಎಂದಳು ತಂಗಿ, ಪುಸ್ತಕದಂಗಡಿಯವನ ಕಡೆ ತಿರುಗಿ.

ಅಕ್ಕ ಅವಳ ಮಗ್ಗುಲಲ್ಲೇ ನಿಂತಿದ್ದಳು. "ಮರುಳಾಗೋ ವಯಸ್ಸು ನಂದಲ್ಲ ಅಂತ ಅವರಿಗೂ ಹೇಳಿ," ಎಂದು ಅವಳೂ ಅಂಗಡಿಯವನಿಗೇ ಹೇಳಿದಳು.

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿದ. ಅಕ್ಕತಂಗಿಯರ ಜಗಳದಲ್ಲಿ ತಲೆ ಹಾಕಿದವನು ಉದ್ಧಾರವಾದದ್ದಿಲ್ಲವೆಂದು ಅವನಿಗೂ ಗೊತ್ತಿದ್ದೀತು. ಬೈಬಲ್ ಚರಿತ್ರೆ ಓದುವವರಿಗೆಂದು ಇದ್ದ ಎರಡೇ ಅಟ್ಲಾಸುಗಳನ್ನು ಮೇಜಿನ ಮೇಲಿಟ್ಟು, ತುಸು ಹಿಂದೆ ಸರಿದ.

ಮಾತು ನಿಂತದ್ದು ಹೋದ ಭಾನುವಾರ. ಅಕ್ಕ ಕಸುಬಿನಲ್ಲಿ ದರ್ಜಿ; ಆದರೆ ಚರ್ಚಿನ ಹಿಂದಿನ ಕೋಣೆಯಲ್ಲಿ ದೊಡ್ಡವರಿಗೆ ಬೈಬಲ್ ಚರಿತ್ರೆ ಹೇಳುವುದೆಂದರೆ ಅವಳಿಗೆ ಪ್ರಾಣ. ಅಂದು ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟು ಕಳ್ಳರ ಕೈಗೆ ಸಿಕ್ಕವನ ಪಾಠ. ಗೋಡೆಯ ಮೇಲಿನ ಹಳೇ ನಕ್ಷೆಯಲ್ಲಿ ಯೆರಿಕೋ ತುಸು ಮೇಲಕ್ಕಿತ್ತು. "ಪಾಪ, ಬಿಸಿಲಲ್ಲಿ ಗುಡ್ಡ ಹತ್ತಿ ಹತ್ತಿ ಸುಸ್ತಾಗಿರ್ತಾನೆ. ಕಳ್ಳರಿಗೆ ಇನ್ನೇನು ಬೇಕು?" ಎಂದು ಅವಳು ಕಥೆಯನ್ನು ರಂಗೇರಿಸಿದಳು.

ಮುಂದಿನ ಬೆಂಚಿನಲ್ಲಿದ್ದ ತಂಗಿ ಶಾಲೆಯಲ್ಲಿ ಲೆಕ್ಕ ಕಲಿಸುವವಳು, ತಪ್ಪು ಕಂಡರೆ ಸುಮ್ಮನಿರಲು ಬಾರದವಳು. "ಅಕ್ಕಾ, ಅವನು ಇಳಿದು ಹೋದ ಅಂತಲ್ವಾ ಬೈಬಲಲ್ಲಿ ಇರೋದು? ನಕ್ಷೇಲಿ ಮೇಲಿದ್ರೆ ಉತ್ತರಕ್ಕಿದೆ ಅಂತ ಅರ್ಥ, ಎತ್ತರದಲ್ಲಿದೆ ಅಂತಲ್ಲ."

"ಇಳಿಯೋ ಪ್ಯಾಸೆಂಜರನ್ನ ಹತ್ತಿಸಿಬಿಟ್ರಲ್ಲಮ್ಮ!" ಎಂದ ಹಿಂದಿನ ಬೆಂಚಿನ ನಿವೃತ್ತ ಕಂಡಕ್ಟರ್.

ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ತಂಗಿಯೂ ನಕ್ಕಳು. ಮಿಕ್ಕವರ ನಗು ಅಕ್ಕನಿಗೆ ತಾಗಲಿಲ್ಲ. ತಾಯಿ ಸತ್ತ ಮೇಲೆ ತಾನೇ ಎತ್ತಿ ಬೆಳೆಸಿದವಳು ನಕ್ಕದ್ದು ಎದೆಗೆ ನಾಟಿತು. ಇನ್ನು ಈ ಪಾಠವೇ ಬೇಡವೆಂದು ಅವತ್ತೇ ಪಾದ್ರಿಗಳಿಗೆ ಹೇಳಿದಳು. ಅವರು, "ಬಿಡೋ ಮಾತು ಆಮೇಲೆ. ಮೊದಲು ಇಬ್ಬರೂ ಹೋಗಿ ಒಂದು ಒಳ್ಳೇ ಅಟ್ಲಾಸ್ ಆರಿಸಿ ತನ್ನಿ," ಎಂದರು. ಅಂದಿನಿಂದ ಅಕ್ಕ ಮಾತು ಬಿಟ್ಟಳೆಂದು ತಂಗಿ ಮಹಡಿಯ ಕೋಣೆ ಬಿಟ್ಟು ಊಟಕ್ಕೆ ಕೆಳಗೆ ಬರುತ್ತಿಲ್ಲ. ಅಕ್ಕ ಕರೆಯುತ್ತಲೂ ಇಲ್ಲ; ತಟ್ಟೆಯ ಮೇಲೆ ಮುಚ್ಚಳವನ್ನು ಮೇಲಿನವರಿಗೆ ಕೇಳುವಂತೆ ಬಡಿದು ಇಡುತ್ತಾಳೆ.

ಅಕ್ಕ ಮೊದಲು ದಪ್ಪ ಪುಸ್ತಕ ಬಿಡಿಸಿದಳು. ನುಣುಪು ಹಾಳೆ, ಬಣ್ಣಬಣ್ಣದ ಫೋಟೋ. ನಕ್ಷೆ ಎರಡು ಪುಟಕ್ಕೂ ಹಬ್ಬಿತ್ತು. ಬೆರಳಿಟ್ಟು ಹುಡುಕುತ್ತ ನಡುವಿನ ಹೊಲಿಗೆಗೆ ಬಂದು ನಿಂತಳು.

"ಯೆರಿಕೋ ಎಲ್ಲಿ ಸ್ವಾಮಿ? ನದಿ, ಊರು ಎಲ್ಲಾ ಹೊಲಿಗೆ ಒಳಗೆ ಹೋಗಿದೆ. ನಾನು ಹೀಗೆ ಬಟ್ಟೆ ಹೊಲಿದಿದ್ರೆ ಗಿರಾಕಿಗಳು ಮುಖಕ್ಕೆ ಎಸೀತಿದ್ರು."

ತಂಗಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಮತ್ತೊಂದು ಪುಟ ನೋಡಿ, "ತಾತನ ಕಾಲದ ಗಡಿ, ಮೊಮ್ಮಗನ ಕಾಲದ ಗಡಿ ಎಲ್ಲಾ ಒಂದೇ ನಕ್ಷೇಲಿ ತುರುಕಿದಾರೆ ಅಂತ ಅವರಿಗೆ ಹೇಳಿ," ಎಂದಳು.

"ಅದು ನನಗೂ ಕಾಣ್ತಿದೆ ಅನ್ನಿ."

ಇನ್ನೊಂದು ತೆಳ್ಳಗಿನ ಪುಸ್ತಕ, ಮಾಸಲು ಹಾಳೆ. ಆದರೆ ಒಂದೊಂದು ಕಾಲಕ್ಕೂ ಬೇರೆ ಬೇರೆ ನಕ್ಷೆ, ಕೊನೆಯಲ್ಲಿ ಊರುಗಳ ಹಳೆಯ ಹೆಸರು, ಹೊಸ ಹೆಸರು. ತಂಗಿ ಅದರ ಪುಟ ತಿರುವುತ್ತಿದ್ದವಳು ಒಂದು ಕಡೆ ತಡೆದು ನಿಂತಳು. ಪುಸ್ತಕವನ್ನು ಅಕ್ಕನ ಮುಂದೆ ಸರಿಸಿದಳು.

ನೆಲವನ್ನೇ ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ ಒಂದು ಚಿತ್ರ. ಎಡಗಡೆ ಬೆಟ್ಟದ ಮೇಲೆ ಯೆರೂಸಲೇಮ್. ಅಲ್ಲಿಂದ ಗೆರೆ ಜಾರುತ್ತ, ಸಮುದ್ರಮಟ್ಟವನ್ನೂ ದಾಟಿ ಕೆಳಗಿಳಿದಿತ್ತು. ತಳದಲ್ಲಿ ಯೆರಿಕೋ. ಅಕ್ಕ ಅದರ ಮೇಲೆ ಬೆರಳೆಳೆದಳು. ಇಷ್ಟು ವರ್ಷ ಹೇಳಿದ ಪಾಠದಲ್ಲಿ ಈ ದಾರಿಯನ್ನು ತಾನು ಒಮ್ಮೆಯೂ ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮಹಡಿ ಹತ್ತುವಾಗ ಸುಮ್ಮನಿದ್ದು ಇಳಿಯುವಾಗಲೇ ಹಿಡಿದುಕೊಳ್ಳುವ ತನ್ನ ಮಂಡಿಗಳೂ ನೆನಪಾದವು. ಆ ಮನುಷ್ಯ ಸುಸ್ತಾಗಿದ್ದದ್ದಂತೂ ಸುಳ್ಳಲ್ಲ.

"ಇದನ್ನೇ ಕಟ್ಟಿಕೊಡಿ."

"ಅವರಿಗೂ ಒಪ್ಪಿಗೆಯಾ, ಕೇಳ್ಲಾ?" ಎಂದ ಅಂಗಡಿಯವನು. ಇಷ್ಟು ಹೊತ್ತಿಗೆ ಅವನಿಗೂ ಅಭ್ಯಾಸವಾಗಿತ್ತು.

"ಬೇಡ. ಪುಟ ತೆಗೆದುಕೊಟ್ಟಿದ್ದೇ ಅವರು."

ಮನೆಗೆ ಬಂದವಳೇ ತಂಗಿ ಮಹಡಿ ಹತ್ತಿದಳು. ಅಕ್ಕ ಅಟ್ಲಾಸನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು ಅಡುಗೆ ಮಾಡಿದಳು. ಸಂಜೆ ಎರಡು ತಟ್ಟೆ ಇಟ್ಟು ಮುಚ್ಚಳ ಕೈಗೆತ್ತಿಕೊಂಡವಳು ಅದನ್ನು ಬಡಿಯದೆ ಮತ್ತೆ ಕೆಳಗಿಟ್ಟಳು. ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು.

"ಇಳಿದು ಬಾರೇ."

ಮೇಲೆ ಕುರ್ಚಿ ಸರಿದ ಸದ್ದು. "ಏನಂದೆ?"

"ಕೇಳಿಸ್ತು ನಿಂಗೆ. ಇಳಿದು ಬಾ ಅಂದೆ, ಇಳಿದು. ಊಟ ಆರ್ತಿದೆ."

ಅಕ್ಕ ಒಂದು ಮೆಟ್ಟಿಲು ಹತ್ತಿ ನಿಂತಳು.

"ಭಾನುವಾರ ಬೋರ್ಡಿನ ಮೇಲೆ ಆ ಗೆರೆ ನೀನು ಎಳೆದುಕೊಡು. ಕಥೆ ನಾನು ಹೇಳ್ತೀನಿ," ಎಂದಳು ಅಕ್ಕ. "ಆದ್ರೆ ಅವನು ಸುಸ್ತಾಗಿದ್ದ ಅಂತ್ಲೇ ಹೇಳೋದು."

"ನಾನು ನಗಬಾರದಿತ್ತು ಕಣಕ್ಕ," ಎಂದಿತು ಮೇಲಿನ ದನಿ.

ಅಕ್ಕ ಒಳಗೆ ಬಂದು ಅಟ್ಲಾಸ್ ಬಿಡಿಸಿದಳು. ಹೊಸ ಪುಸ್ತಕ, ಪುಟ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಪುಟದ ಅಂಚಿನ ಮೇಲೆ ಭಾರಕ್ಕೆಂದು ಕತ್ತರಿ ಇಟ್ಟಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಒಂದೊಂದಾಗಿ ಕೆಳಗೆ ಬರುತ್ತಿತ್ತು.