ಕೆಸರಿಗೆ ಬೀಳುವ ಕೋತಿ

ಆ ಕೋತಿಯನ್ನು ಮಾಡಿದವನು ನಾನೇ. ಭಿನ್ನರಾಶಿ ಕಲಿಸುವ ಆಟ ಅದು. ಹೊಳೆಗೆ ಅಡ್ಡಲಾಗಿ ಎರಡು ಹಲಗೆ. ಒಂದರ ಮೇಲೆ ನಾಲ್ಕನೇ ಒಂದು, ಇನ್ನೊಂದರ ಮೇಲೆ ಎಂಟನೇ ಒಂದು. ದೊಡ್ಡದನ್ನು ಒತ್ತಿದರೆ ಕೋತಿ ದಾಟುತ್ತದೆ, ಒಂದು ನಕ್ಷತ್ರ ಸಿಗುತ್ತದೆ, ಅಷ್ಟೇ. ಚಿಕ್ಕದನ್ನು ಒತ್ತಿದರೆ ಹಲಗೆ ಮುರಿದು ಕೋತಿ ಕೆಸರಿಗೆ ಬೀಳುತ್ತದೆ, ಕಿವಿಯಿಂದ ಕಪ್ಪೆ ಎಳೆದು ಹಾಕಿ ಹಲ್ಲು ಕಿರಿಯುತ್ತದೆ. ದಾಟಿಸುವುದಕ್ಕೆ ನನಗೆ ಅರ್ಧ ದಿನ ಸಾಕಾಯಿತು. ಬೀಳಿಸುವುದಕ್ಕೆ ಮೂರು ವಾರ ಕೂತಿದ್ದೆ.

ಅಕ್ಕ ಐದನೇ ತರಗತಿಗೆ ಗಣಿತ ಹೇಳುತ್ತಿದ್ದಳು. ತಮ್ಮನ ಆಟ ಅಂತ ಹೆಡ್‌ಮಾಸ್ಟರ ಕೈಕಾಲು ಹಿಡಿದು, ಮಕ್ಕಳು ಕಲಿಯದಿದ್ದರೆ ತಾನೇ ಹೊಣೆ ಎಂದು ಬರೆದುಕೊಟ್ಟು ತರಗತಿಗೆ ತಂದಳು. ಮೊದಲ ದಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಎದೆ ಉಬ್ಬಿತು.

“ತಪ್ಪಿಗೆ ಯಾಕೋ ಇಷ್ಟು ಚೆಂದ ಮಾಡಿದೀಯ?” ಅಂದಳು ಅಕ್ಕ.

“ನಗ್ತಿದಾರಲ್ಲ ಅಕ್ಕ, ನೋಡು.”

“ಅದನ್ನೇ ನೋಡ್ತಿದೀನಿ.”

ಮೂರನೇ ವಾರ, ಆಟ ಮಾರುವ ನಮ್ಮ ಕಂಪನಿಯ ಆಫೀಸಿನಲ್ಲಿ ಮಕ್ಕಳು ಒತ್ತಿದ್ದರ ಲೆಕ್ಕ ತೆಗೆದು ನೋಡಿದೆ. ಹತ್ತು ಸಲ ಒತ್ತಿದರೆ ಎಂಟು ಸಲ ತಪ್ಪು, ಅದೂ ಯೋಚನೆಯೇ ಇಲ್ಲದೆ, ಪಟಪಟನೆ. ಕೋತಿ ಬೀಳಲಿ ಅಂತ ಬೇಕೆಂದೇ ಒತ್ತುತ್ತಿದ್ದರು. ಮ್ಯಾನೇಜರ್ ಹತ್ತಿರ ಹೋಗಿ, ಬೀಳೋದನ್ನ ತೆಗೆದುಬಿಡೋಣ ಸಾರ್ ಅಂದೆ.

“ತಲೆ ನೆಟ್ಟಗಿದೆಯಾ ನಿಂಗೆ? ಒಂದೊಂದು ಮಗು ನಲವತ್ತು ನಿಮಿಷ ಆಡ್ತಿದೆ. ನಮ್ಮ ಬೇರೆ ಯಾವ ಆಟಾನೂ ಹನ್ನೆರಡು ದಾಟಿಲ್ಲ.”

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅಕ್ಕನಿಗೂ ಹೇಳಲಿಲ್ಲ. ಮ್ಯಾನೇಜರ್ ಭಯ ಅಂತ ಆಗ ಅಂದುಕೊಂಡೆ, ಸುಳ್ಳು. ಕಂಡವರೆಲ್ಲ ನನ್ನ ಕೋತಿಯನ್ನು ಹೊಗಳುತ್ತಿದ್ದರು, ಅದರ ರುಚಿ ಹತ್ತಿತ್ತು.

ಹತ್ತನೇ ವಾರ ಹೆಡ್‌ಮಾಸ್ಟರು ಪೇಪರಿನ ಮೇಲೆ ಪರೀಕ್ಷೆ ಇಟ್ಟರು. ಬೇಕೆಂದು ಮಾಡುತ್ತಿದ್ದ ತಪ್ಪು ಅಷ್ಟರಲ್ಲಿ ಕೈಗೆ ರೂಢಿಯಾಗಿಬಿಟ್ಟಿತ್ತು. ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ಎಂಟನೇ ಒಂದೇ ದೊಡ್ಡದು ಎಂದು ಬರೆದಿದ್ದರು. ಅಕ್ಕನಿಗೆ ಪಾಠ ಹೇಳಲು ಬರುವುದಿಲ್ಲ ಎಂದು ತೀರ್ಮಾನವಾಯಿತು. ನಮ್ಮ ಕಂಪನಿಯ ನಲವತ್ತು ನಿಮಿಷದ ವರದಿ ನೋಡಿ ಶಾಲೆಯವರು ಆಟವನ್ನು ಎಲ್ಲ ತರಗತಿಗೂ ಕೊಂಡರು. ಅಕ್ಕನನ್ನು ಕಂಪ್ಯೂಟರ್ ಕೋಣೆಗೆ ಹಾಕಿದರು. ಬೆಳಿಗ್ಗೆ ಸ್ವಿಚ್ ಒತ್ತುವುದು, ಸಂಜೆ ಆರಿಸುವುದು.

ನೋಡಲು ಹೋದೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಟ್ಟ ಇಯರ್‌ಫೋನುಗಳ ಸಿಕ್ಕು ಬಿಡಿಸುತ್ತಿದ್ದಳು.

“ಅಕ್ಕ, ನಂಗೆ ಮೊದಲೇ ಗೊತ್ತಿತ್ತು.”

ಅವಳು ತಲೆ ಎತ್ತಲಿಲ್ಲ. “ಯಾವಾಗಿಂದ?”

“ಮೂರನೇ ವಾರದಿಂದ.”

ಅವಳ ಕೈ ನಿಂತಿತು. “ಹತ್ತು ವಾರದಲ್ಲಿ ಏಳು ವಾರ ಸುಮ್ನಿದ್ದೆ,” ಅಂದಳು. “ಅರ್ಧಕ್ಕಿಂತ ಜಾಸ್ತಿ ಕಣೋ.”

ಒಳಗೆ ಕೋತಿ ಬಿತ್ತು. ಮಕ್ಕಳು ನಕ್ಕರು. ಅಕ್ಕ ಮತ್ತೆ ಸಿಕ್ಕು ಬಿಡಿಸತೊಡಗಿದಳು.