ಮೂರು ಅಂದರೆ ಆಳು

ಗಾಜಿನ ಆಚೆ ಕಿವಿ ಪರೀಕ್ಷೆ ಮಾಡುವ ಶಶಿರೇಖ ಮೇಡಂ ತುಟಿ ಅಲ್ಲಾಡುತ್ತಿದೆ, ಮಾತು ಈಚೆ ಬರುತ್ತಿಲ್ಲ, ಕಿವಿಯ ಮೇಲೆ ಕೂತ ದಪ್ಪ ಹೆಡ್‌ಫೋನು ಬಿಸಿಯಾಗುತ್ತಿದೆ, ಸೊಣ್ಣಪ್ಪನ ಹೆಬ್ಬೆರಳು ಗುಂಡಿಯ ಮೇಲಿದೆ, ಸದ್ದು ಕೇಳಿದ ಕೂಡಲೇ ಒತ್ತಿ, ಎಷ್ಟು ಸಣ್ಣದಿದ್ದರೂ ಒತ್ತಿ ಅಂದಿದ್ದಾರೆ, ಸರಿ, ಆದರೆ ಯಾವ ಸದ್ದು ತಾಯಿ, ಇಲ್ಲಿ ಇರುವುದು ಒಂದೇ ಎರಡೇ — ಬಲಗಿವಿಯಲ್ಲಿ ಕುಂಯ್ ಅಂತ ಕಂಪ್ರೆಸರಿನ ಗಾಳಿ ಸೋರುವ ಹಾಗೆ ಒಂದು, ಅದು ಮೂವತ್ತು ವರ್ಷದ ಬಾಡಿಗೆದಾರ, ಖಾಲಿ ಮಾಡು ಅಂದರೆ ಮಾಡುವ ಪೈಕಿ ಅಲ್ಲ, ಅದರ ಹೊಟ್ಟೆಯೊಳಗೆ ಇನ್ನೊಂದು, ಟಣ್ ಟಣ್ ಟಣ್, ಮೂರು, ಒತ್ತಿದ, ಒತ್ತಿದ, ಒತ್ತಿದ, ಮೇಡಂ ಹುಬ್ಬು ಮೇಲಕ್ಕೆ ಹೋಯಿತು, ಅಂದರೆ ಅವರು ಏನೂ ಕಳಿಸಿಲ್ಲ, ತಪ್ಪಾಯಿತು, ಇನ್ನು ಒತ್ತುವುದಿಲ್ಲ, ಅಷ್ಟರಲ್ಲಿ ಅವರು ಕಳಿಸಿದ್ದು ನಿಜವಾಗಿ ಬಂದು ಹೋಯಿತೋ ಏನೋ, ಹಾಲಿಗೆ ಬೆರೆತ ನೀರು ಎಲ್ಲಿದೆ ತೋರಿಸು ಅಂದರೆ ಯಾರು ತಾನೇ ತೋರಿಸುತ್ತಾರೆ. ಮರದ ಪೆಟ್ಟಿಗೆಯಂಥ ಕೋಣೆ, ಬಾಗಿಲು ಹಾಕಿದರೆ ಬಂಗಾರಪೇಟೆಯ ಬಸ್ಸು ಆಟೋ ರೈಲು ಎಲ್ಲ ಒಂದೇ ಸಲ ಸತ್ತುಹೋಗುತ್ತವೆ, ಚಿನ್ನದ ಗಣಿಗೆ ಕೇಜಿನಲ್ಲಿ ಇಳಿಯುವಾಗಲೂ ಹೀಗೇ, ಮೊದಲ ನೂರು ಅಡಿಗೆ ಕಿವಿ ಮುಚ್ಚುತ್ತದೆ, ಎಂಜಲು ನುಂಗೋ ಸೊಣ್ಣಪ್ಪಾ ಅನ್ನುತ್ತಿದ್ದ ಮೇಸ್ತ್ರಿ, ಇವನು ಹತ್ತು ವರ್ಷ ಕೋರಮಂಡಲ್ ಗಣಿಯ ಕೆಳಗೆ ಡ್ರಿಲ್ ಮಷಿನ್ ಹಿಡಿದ, ಆಮೇಲೆ ಗಣಿ ಮುಚ್ಚುವವರೆಗೂ ಶಾಫ್ಟಿನ ಬಾಯಲ್ಲಿ ಬ್ಯಾಂಕ್ಸ್‌ಮನ್ ಆಗಿ ನಿಂತು ಬೆಲ್ಲು ಹೊಡೆದ, ಒಂದು ಅಂದರೆ ನಿಲ್ಲಿಸು, ಎರಡು ಅಂದರೆ ಇಳಿಸು, ಮೂರು ಅಂದರೆ ಆಳು, ಕೇಜಿನಲ್ಲಿರುವುದು ಕಲ್ಲಲ್ಲ ಆಳು, ಹುಷಾರು, ಮತ್ತು ಕೆಳಗಿನಿಂದ ಬಂದ ಬೆಲ್ಲಿಗೆ ಮೇಲಿನವನು ಅಷ್ಟೇ ಸಲ ತಿರುಗಿ ಹೊಡೆಯಬೇಕು, ಹೊಡೆಯದಿದ್ದರೆ ಕೇಜು ಅಲ್ಲಾಡುವ ಹಾಗಿಲ್ಲ, ಕತ್ತಲಲ್ಲಿ ಹತ್ತು ಜನ ಟೋಪಿ ದೀಪ ಹಚ್ಚಿಕೊಂಡು ಮೇಲೆ ನೋಡುತ್ತಾ ನಿಂತಿರುತ್ತಾರೆ, ಉತ್ತರ ಕೊಡದ ಬ್ಯಾಂಕ್ಸ್‌ಮನ್‌ನ ಮುಖಕ್ಕೆ ಉಗಿಯುತ್ತಿದ್ದರು, ಇವನು ಒಂದು ದಿನವೂ ಉಗಿಸಿಕೊಂಡವನಲ್ಲ.

ಆ ಲೆಕ್ಕವನ್ನು ಹೆಂಡತಿ ತಾಯಮ್ಮನೂ ಬಲ್ಲಳು, ಗಣಿ ಕೆಲಸದವರ ಲೈನ್ ಮನೆಯಲ್ಲಿ ಮೂವತ್ತು ವರ್ಷ ಬಾಳಿದವಳು, ಅನ್ನಕ್ಕೆ ಅಕ್ಕಿ ಹಾಕುತ್ತಾ ಮೂರು ಬೆಲ್ಲು ಕೇಳಿಸಿದರೆ ಶಿಫ್ಟ್ ಬಿಡ್ತು ಅನ್ನುತ್ತಿದ್ದಳು, ಹೋದ ವರ್ಷ ಲಕ್ವ ಹೊಡೆದು ಬಲಗೈ ಮಾತು ಎರಡೂ ಹೋದ ಮೇಲೆ, ಮಗಳು ರಾಧಾಮಣಿ ಎಡಗೈಗೆ ಒಂದು ಚಮಚ, ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು, ಅಮ್ಮಾ ಬೇಕಂದ್ರೆ ತಟ್ಟು ಅಂದಿದ್ದಷ್ಟೆ, ಯಾರೂ ಹೇಳಿಕೊಡದೆ ತಾಯಮ್ಮ ತಾನೇ ಶುರು ಮಾಡಿದಳು, ಒಂದು ಅಂದರೆ ಸಾಕು, ಎರಡು ಅಂದರೆ ಮಲಗಿಸು, ಮೂರು ಅಂದರೆ ಬಾ, ಆಳು ಬೇಕು, ಅವತ್ತು ಸೊಣ್ಣಪ್ಪ ಬಚ್ಚಲಿಗೆ ಹೋಗಿ ಅತ್ತುಬಂದ, ಸಂತೋಷಕ್ಕೇ ಅತ್ತದ್ದು, ಮೂರು ಕೇಳಿದರೆ ಇವನು ಅಡುಗೆಮನೆಯಿಂದಲೇ ತಟ್ಟೆಗೆ ಮೂರು ತಟ್ಟುತ್ತಿದ್ದ, ಬಂದೆ ಅಂತ, ಅವಳ ಅರ್ಧ ಬಾಯಿ ನಗುತ್ತಿತ್ತು. ಆಮೇಲೆ ಈ ಹಾಳು ಕಿವಿ ಕಲಿತುಕೊಂಡುಬಿಟ್ಟಿತು, ಅವಳು ತಟ್ಟದಿದ್ದರೂ ಇದು ತಟ್ಟಲಿಕ್ಕೆ ಹಿಡಿಯಿತು, ಓಡುತ್ತಾನೆ, ತಾಯಮ್ಮ ಮಲಗಿದ್ದಾಳೆ, ಕರೆದ್ಯಾ ಅಂತ ಎಬ್ಬಿಸುತ್ತಾನೆ, ಇಲ್ಲ ಅಂತ ತಲೆಯಾಡಿಸುತ್ತಾಳೆ, ದಿನಕ್ಕೆ ಹತ್ತು ಸಲ, ಕೊನೆಕೊನೆಗೆ ಗೋಡೆ ಕಡೆ ಮುಖ ತಿರುಗಿಸಿದಳು, ಅಪ್ಪಾ ನೀನು ಅಮ್ಮನ್ನ ಮಲಗಾಕೇ ಬುಡಲ್ವಲ್ಲ, ಕಿವಿ ತೋರಿಸ್ಕೊಂಡು ಬಾ ಓಗು ಅಂದಳು ರಾಧಾಮಣಿ. ತೋರಿಸಿದ, ಹೋದ ತಿಂಗಳು ಇದೇ ಮೇಡಂ ಚೆನ್ನಾಗೇ ಹೇಳಿದರು, ಇದು ಹೋಗುವ ಸದ್ದಲ್ಲ ಸೊಣ್ಣಪ್ಪನವರೇ, ಆದರೆ ಇದರ ಜೊತೆ ಬದುಕಬಹುದು, ಸುಮ್ಮನಿರುವ ಕೋಣೆಯಲ್ಲಿ ಕೂರಬೇಡಿ, ಫ್ಯಾನೋ ರೇಡಿಯೋನೋ ಸಣ್ಣಗೆ ಹಾಕಿರಿ, ಬೆಳ್ಳುಳ್ಳಿ ಎಣ್ಣೆ ಪಿನ್ನು ಕಡ್ಡಿ ಏನೂ ಹಾಕಬೇಡಿ, ಕಾಫಿ ಕುಡಿದ ದಿನ ಜಾಸ್ತಿಯಾಗುತ್ತಾ ನೋಡಿಕೊಳ್ಳಿ, ನಡೆಯಿರಿ, ನಿಧಾನವಾಗಿ ಉಸಿರಾಡಿ, ಮತ್ತೆ ಮುಖ್ಯವಾಗಿ ಅದಕ್ಕೆ ಬೆಲೆ ಕೊಡಬೇಡಿ, ಎದ್ದು ಹೋಗಿ ನೋಡಬೇಡಿ, ಉತ್ತರ ಕೊಡಬೇಡಿ, ನೀವು ಉತ್ತರ ಕೊಟ್ಟಷ್ಟೂ ಅದು ಕರೆಯುತ್ತದೆ. ಎಲ್ಲವನ್ನೂ ಮಾಡಿದ, ಮೂರು ಲೋಟ ಕಾಫಿ ಒಂದಕ್ಕೆ ಇಳಿಯಿತು, ಬೆಳಿಗ್ಗೆ ಗಣಿಯವರು ಚಿನ್ನ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬದ ಪಕ್ಕ ನಡೆಯುತ್ತಾನೆ, ಅಲ್ಲಿ ಗಾಳಿ ಬೀಸುವ ಸದ್ದಿಗೆ ಕಿವಿ ಅರ್ಧ ಗಂಟೆ ತೆಪ್ಪಗಿರುತ್ತದೆ, ಬಲ ಕಿವಿಯ ಕಡೆ ರೇಡಿಯೋ, ಚಳಿಯಲ್ಲೂ ಫ್ಯಾನು, ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ, ಟಣ್ ಟಣ್ ಟಣ್ ಬಂದರೆ ಬರಲಿ, ನಾನಿಲ್ಲಪ್ಪ. ಚಮಚದ ವಿಷಯ ಮಾತ್ರ ಮೇಡಂಗೆ ಹೇಳಿರಲಿಲ್ಲ, ಅವರು ಕೇಳಿದ್ದು ಕಿವಿಯ ಬಗ್ಗೆ, ಹೆಂಡತಿಯ ಬಗ್ಗೆ ಅಲ್ಲವಲ್ಲ.

ಮತ್ತೆ ಇವತ್ತು ಬೆಳಿಗ್ಗೆ, ಅದನ್ನೇ ಯೋಚಿಸಬಾರದು ಅಂದುಕೊಂಡರೂ ಇವತ್ತು ಬೆಳಿಗ್ಗೆ, ರಾಧಾಮಣಿ ಏಳಕ್ಕೇ ಫ್ಯಾಕ್ಟರಿ ಬಸ್ಸಿಗೆ ಹೋಗಿದ್ದಳು, ಪಕ್ಕದ ಮನೆಯ ಶ್ಯಾಮಲಾ ಹತ್ತಕ್ಕೆ ಬಂದು ಗಂಜಿ ಕುಡಿಸುತ್ತೀನಿ ಅಂದಿದ್ದಳು, ಬಾಗಿಲು ಬರೀ ಎಳ್ಕೊಂಡು ಓಗಣ್ಣ, ನಾನು ನೋಡ್ಕತೀನಿ, ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ, ಹೊಸ್ತಿಲ ಪಕ್ಕದ ಕ್ಷೌರದ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ, ಕನ್ನಡಿಯ ಮೂಲೆಯಲ್ಲಿ ಮಂಚ, ಮಂಚದ ಮೇಲೆ ತಾಯಮ್ಮನ ಎಡಗೈ, ಎಡಗೈಯಲ್ಲಿ ಎತ್ತಿದ ಚಮಚ — ಅಷ್ಟೆ, ಎತ್ತಿದ ಚಮಚ, ಅದು ಲೋಟದ ಮೇಲೆ ಬಿತ್ತಾ ಇಲ್ಲವಾ ಗೊತ್ತಿಲ್ಲ, ಯಾಕೆಂದರೆ ಅಷ್ಟರಲ್ಲಿ ಇವನು ಮುಖ ತಿರುಗಿಸಿದ, ಬೇಕಂತಲೇ ತಿರುಗಿಸಿದ, ಟಣ್ ಟಣ್ ಟಣ್ ಬಂತು, ಬಂದದ್ದು ಒಳಗಿನಿಂದಲೋ ಬೆನ್ನ ಹಿಂದಿನಿಂದಲೋ, ಎದ್ದು ಹೋಗಿ ನೋಡಬೇಡಿ, ನಾಲ್ಕು ಎಣಿಸಿ ಉಸಿರು ಒಳಗೆ, ಇದು ಪರೀಕ್ಷೆ ಸೊಣ್ಣಪ್ಪ, ಇದನ್ನು ಗೆದ್ದರೆ ಮೇಡಂಗೆ ಧೈರ್ಯವಾಗಿ ಹೇಳಬಹುದು, ಆರು ಎಣಿಸಿ ಹೊರಗೆ, ಹೊರಗೆ ಬಂದ, ಬಾಗಿಲು ಎಳೆದ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೆದ್ದೆ ಅಂದುಕೊಂಡ, ಹೆಮ್ಮೆಯೇ ಆಯಿತು. ಎಂಜಿನ್ನಿನ ಸದ್ದಿನಲ್ಲಿ ಕಿವಿಯೂ ಸುಮ್ಮನಿತ್ತು.

ಮೇಡಂ ಪೆಟ್ಟಿಗೆ ಕೋಣೆಯ ಬಾಗಿಲು ತೆಗೆದರು, ಊರಿನ ಸದ್ದೆಲ್ಲ ದಬದಬ ಅಂತ ಒಳಗೆ ನುಗ್ಗಿತು, ಆಯ್ತು ಸೊಣ್ಣಪ್ಪನವರೇ, ನಿಮ್ಮ ಸಾಮಾನು ತಗೊಳ್ಳಿ, ಒಳಗೆ ಹೋಗುವಾಗ ಜೇಬು ಖಾಲಿ ಮಾಡಿಸಿ ಟ್ರೇಯಲ್ಲಿ ಇಡಿಸಿದ್ದರು, ಏನೇನಿದೆ ಅಂತ ಇವನು ಆಗ ನೋಡಿರಲಿಲ್ಲ, ಬಾಚಣಿಗೆ, ಮೊಬೈಲು, ಕನ್ನಡಕದ ಡಬ್ಬಿ, ಬೀಗದ ಕೈ. ಬೀಗದ ಕೈ. ಯಾರದಪ್ಪ ಇದು ಅಂತ ಒಂದು ಕ್ಷಣ ಸುತ್ತ ನೋಡಿದ, ತನ್ನದೇ, ಗಣಿ ಕಾಲದ ಹಿತ್ತಾಳೆ ಬೀಗದ್ದು, ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಬಾಗಿಲು ಎಳೆದು ಬೀಗ ಒತ್ತಿ ಬೀಗದ ಕೈ ಜೇಬಿಗೆ ಹಾಕುವುದು ಕೈಗೆ ತಾನಾಗೇ ಬಂದಿದ್ದ ಚಾಳಿ, ಒಂದು ವರ್ಷದಿಂದ ಮರೆತಿದ್ದ ಚಾಳಿ, ಇವತ್ತು ತಲೆಯೆಲ್ಲ ಉಸಿರು ಎಣಿಸುವುದರಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಬೀಗ ಹಾಕಿಬಿಟ್ಟಿದೆ, ಒಳಗೆ ಅವಳು. ಮೇಡಂ, ಮನೇಲಿ ನನ್ನ ಎಂಡ್ತಿ, ಅವಳು ಮೂರು ತಟ್ತಾಳೆ, ನೀವು ಉತ್ತರ ಕೊಡಬ್ಯಾಡ ಅಂದ್ರಿ, ನಾನು ಕೊಡಲಿಲ್ಲ, ಹೇಳಿದ್ದು ಹಿಂದುಮುಂದಾಗಿ ಹೇಳಿದ, ಮೇಡಂಗೆ ಅರ್ಥವಾಗಲು ಹೊತ್ತು ಹಿಡಿಯಿತು, ಅರ್ಥವಾದ ಕೂಡಲೇ ಟ್ರೇಯಲ್ಲಿದ್ದದ್ದನ್ನೆಲ್ಲ ತಾವೇ ಎತ್ತಿ ಇವನ ಕೈಗೆ ಕೊಟ್ಟರು, ಅಯ್ಯೋ ಇದನ್ನ ಮೊದಲೇ ಹೇಳಬಾರದಿತ್ತಾ, ನಾನು ಬೇರೆ ದಾರಿ ಹೇಳುತ್ತಿದ್ದೆ, ಕೈಗೆ ಒಂದು ಸ್ವಿಚ್ ಕೊಟ್ಟು ಅಡುಗೆಮನೆಯಲ್ಲಿ ಬಲ್ಬ್ ಉರಿಯುವ ಹಾಗೆ ಮಾಡಬಹುದಿತ್ತು, ಮೊದಲು ಮನೆಗೆ ಹೋಗಿ.

ಕೋರಮಂಡಲ್ ಮೇಲೆ ಹೋಗುವ ಬೇತಮಂಗಲದ ಬಸ್ಸು ಸಿಕ್ಕಿತು, ಮೊಬೈಲಿನಲ್ಲಿ ಶ್ಯಾಮಲಾಳ ಆರು ಕರೆ ಬಂದು ಹೋಗಿದ್ದವು, ತಿರುಗಿ ಮಾಡಿ ಬಲಗಿವಿಗೆ ಇಟ್ಟ, ಕುಂಯ್, ಎಡಗಿವಿಗೆ ಇಟ್ಟ, ಅಣ್ಣಾ ಬೀಗ ಆಕ್ಕೊಂಡು ಓಗಿದ್ದೀಯಲ್ಲ, ಅಕ್ಕ ಒಳಗಿಂದ ತಟ್ತಾನೇ ಇದ್ಲು, ಕಿಟಕೀಲಿ ನೋಡಿದ್ರೆ ಮಂಚ ಕಾಣಲ್ಲ, ಕಲ್ಲು ತಗೊಂಡು ಕುಟ್ಟಿದೆ, ಆ ಬೀಗ ಬಗ್ಗಲ್ಲ, ಈಗ ಅರ್ಧ ಗಂಟೆಯಿಂದ ಸದ್ದೇ ಇಲ್ಲಣ್ಣ, ಬೇಗ ಬಾ. ಹಾಗಾದರೆ ತಟ್ಟಿದ್ದು ನಿಜ, ಬೆಳಿಗ್ಗೆಯದೂ ನಿಜವಾ, ಅಥವಾ ಬೆಳಿಗ್ಗೆಯದು ಕಿವಿಯದು ಆಮೇಲಿನದು ಅವಳದಾ, ಬೆಳಿಗ್ಗೆ ಅವಳಿಗೆ ಏನು ಬೇಕಿತ್ತು, ನೀರಾ, ಬಚ್ಚಲಾ, ಬಸ್ಸಿನ ಎಂಜಿನ್ ಗುರ್ ಅನ್ನುತ್ತಿದೆ, ಕಿವಿ ಸುಮ್ಮನಿದೆ, ಇಷ್ಟು ದಿನ ಬೇಡಿಕೊಂಡ ನಿಶ್ಶಬ್ದ ಇದೇ, ಈಗ ಅದೇ ಬೇಡ, ಒಂದು ಸಲ ತಟ್ಟೇ ತಾಯಮ್ಮ, ಸುಳ್ಳಾದರೂ ಪರವಾಗಿಲ್ಲ ತಟ್ಟು, ಕನ್ನಡಿಯ ಮೂಲೆ, ಎಡಗೈ, ಎತ್ತಿದ ಚಮಚ, ಅವಳ ಕಣ್ಣು ಎಲ್ಲಿತ್ತು, ಇವನ ಮುಖದ ಮೇಲಲ್ಲ, ಕೆಳಗೆ, ಇವನ ಕೈಯ ಮೇಲಿತ್ತು, ಬಾಚಣಿಗೆ ಇಲ್ಲದ ಆ ಕೈಯಲ್ಲಿ ಆಗಲೇ ಬೀಗ ಇತ್ತು. ಅವಳಿಗೆ ನೀರು ಬೇಕಿರಲಿಲ್ಲ. ಮೂರು ಅಂದರೆ ಆಳು, ಒಳಗಿರುವುದು ಕಲ್ಲಲ್ಲ, ಆಳು.

ಕೋರಮಂಡಲ್‌ನಲ್ಲಿ ಇಳಿದು ಲೈನ್ ಮನೆಗಳ ಮಧ್ಯೆ ಓಡಿದ, ಅರವತ್ತೇಳರ ಮಂಡಿ ಎಷ್ಟು ಓಡುತ್ತದೋ ಅಷ್ಟು, ಶ್ಯಾಮಲಾ ಬಾಗಿಲ ಹತ್ತಿರವೇ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದಾಳೆ, ಬೀಗದ ಕೈ ತೂತಿಗೆ ಹೋಗುತ್ತಿಲ್ಲ, ಆಗ ಒಳಗಿನಿಂದ ಟಣ್ ಟಣ್ ಟಣ್, ಸ್ಪಷ್ಟವಾಗಿ, ಲೋಟದ್ದೇ ಸದ್ದು, ಇದ್ದಾಳೆ ಕಣಮ್ಮ, ಕೇಳಿಸ್ತಾ, ಶ್ಯಾಮಲಾ ಇವನ ಮುಖ ನೋಡಿದಳು, ಇಲ್ಲಣ್ಣ, ನಂಗೇನೂ ಕೇಳಿಸ್ಲಿಲ್ಲ. ಬಾಗಿಲು ತೆರೆಯಿತು. ತಾಯಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಾಳೆ, ಜೀವವಿದೆ, ಸೀರೆ ಒದ್ದೆ, ಮಂಚ ಒದ್ದೆ, ಲೋಟದ ಕಂಠ ಒಂದು ಕಡೆ ನೆಗ್ಗಿ ಹೋಗಿದೆ, ಇವನು ಹೊಸ್ತಿಲಲ್ಲೇ ನಿಂತು ಬೀಗದ ಕೈಯಿಂದ ಬಾಗಿಲ ಚಿಲಕಕ್ಕೆ ಮೂರು ತಟ್ಟಿದ, ಬಂದೆ, ಬಂದೆ ತಾಯಮ್ಮ, ತಪ್ಪಾಯ್ತು, ತಟ್ಟು, ಇನ್ನೊಂದ್ಸಲ ತಟ್ಟು, ಈಗ ಉತ್ತರ ಕೊಡ್ತೀನಿ, ಲೋಟ ಎತ್ತಿ ಅವಳ ಮುಂದೆ ಹಿಡಿದ, ಅವಳು ಇವನನ್ನು ನೋಡಿದಳು, ಗೋಡೆ ಕಡೆ ತಿರುಗಲಿಲ್ಲ, ಕೋಪವೂ ಇಲ್ಲ, ಚಮಚ ಹಿಡಿದ ಎಡಗೈ ನಿಧಾನವಾಗಿ ಮೇಲೆ ಬಂತು, ಕಿವಿಯಲ್ಲಿ ಟಣ್ ಟಣ್ ಟಣ್, ಚಮಚ ಇನ್ನೂ ಮೇಲೇ ಇದೆ, ಲೋಟ ಇವನ ಕೈಯಲ್ಲಿ ಅಲುಗಲಿಲ್ಲ, ಮತ್ತೆ ಟಣ್ ಟಣ್ ಟಣ್, ಬೀಳಲಿ, ಒಂದು ಸಲ ಬೀಳಲಿ, ಎಡಗೈ, ಎತ್ತಿದ ಚಮಚ, ಎತ್ತಿದ ಚಮಚ