ಮೂರಿಂಚಿನ ಪಟ್ಟಿಗೊಂದು ಬಕಲ್

ಗಾಳಿ ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ, ವಯೋಮಿಂಗಿನ ಮರವಿಲ್ಲದ ಬಯಲಿನಲ್ಲಿ, ಒಂದು ಕಾಲುವೆ ಇತ್ತು. ಕಾಲುವೆಗೊಬ್ಬ ನೀರುಗಂಟಿ ಇದ್ದ, ತೂಬು ತೆರೆದು ಮುಚ್ಚಿ ಹೊಲಗಳಿಗೆ ನೀರು ಹಂಚುವವನು. ಆ ನೀರುಗಂಟಿಗೆ ಕೊಟ್ಟ ಮಾತೊಂದು ಬಾಕಿ ಉಳಿದಿತ್ತು. ಮಾತು ಕೊಟ್ಟವಳು ಕುದುರೆಯ ಜೀನು, ಪಟ್ಟಿ ಹೊಲಿಯುವ ಅಂಗಡಿಯ ಹಲ್ಡಾ. ನೀರುಗಂಟಿಯನ್ನು ಮಣ್ಣು ಮಾಡುವ ದಿನ ಬೆಳಿಗ್ಗೆ ಅವಳು ಬಕಲ್‌ಗಳ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಹಿತ್ತಾಳೆಯ ಬಕಲ್‌ಗಳು ಗಣಗಣ ಉರುಳಿದವು. ಪಕ್ಕದಲ್ಲಿ ಪಿಸ್ತೂಲಿನ ನಡುಪಟ್ಟಿ ಉದ್ದಕ್ಕೆ ಮಲಗಿತ್ತು. ಮೂರಿಂಚು ಅಗಲ, ಬೆನ್ನಿಗೆ ಇಪ್ಪತ್ತು ಗುಂಡಿನ ಮನೆಗಳು, ಅಂಚಿಗೆ ಎರಡು ಸಾಲು ಹೊಲಿಗೆ. ಬಕಲ್ ಒಂದಿಲ್ಲ. ಬೇರೆಯವರ ಪಟ್ಟಿಯನ್ನು ಆರು ದಿನದಲ್ಲಿ ಮುಗಿಸುವ ಹಲ್ಡಾ, ನೀರುಗಂಟಿ ಡೆಲ್ಬರ್ಟ್ ಕ್ವಿಲ್‌ನ ಈ ಪಟ್ಟಿಯನ್ನು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಎಳೆದಿದ್ದಳು. ಮೊನ್ನೆ ಅವನು ಏಳನೆಯ ತೂಬಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕುಸಿದಿದ್ದ.

ಬಾಗಿಲು ತಳ್ಳಿಕೊಂಡು ಡೆಲ್ಬರ್ಟ್‌ನ ಅಣ್ಣ ರಾಸ್ಕೋ ಬಂದ. ಎಪ್ಪತ್ತು ದಾಟಿದ ಮುದುಕ. ಟೈ ಕಿವಿಯ ಕಡೆಗೆ ತಿರುಗಿತ್ತು. ಜೇಬಿನಿಂದ ಚಹಾ ತಟ್ಟೆಯಷ್ಟು ದೊಡ್ಡ ಬೆಳ್ಳಿಯ ಬಕಲ್ ತೆಗೆದು ಮೇಜಿನ ಮೇಲಿಟ್ಟ.

“ಹುಡುಕಿದ್ದು ಸಾಕು. ಇದನ್ನ ಹೊಲಿ.”

“ಇದು ನಿಂದಲ್ವಾ ಅಣ್ಣ? ಶಾಯೆನ್ ಊರಿನ ಪಂದ್ಯದಲ್ಲಿ ಹುಚ್ಚು ಕುದುರೆ ಹತ್ತಿ ಗೆದ್ದಿದ್ದು?”

“ಗೆದ್ದಿದ್ದು ನಾನು. ಬೇಲಿ ಹತ್ರ ನನ್ನ ಟೋಪಿ, ನನ್ನ ಕೋಟು ಹಿಡ್ಕೊಂಡು ನಿಂತಿದ್ದೋನು ಅವನು. ಮೂವತ್ತು ವರ್ಷ ಇದನ್ನ ಹೊಟ್ಟೆ ಮೇಲೆ ಮೆರೆಸ್ಕೊಂಡು ತಿರುಗ್ದೆ. ಒಂದಿನ ನೀನು ಹಾಕ್ಕೊಳೋ ಅಂತ ಬಾಯಿಮಾತಿಗೂ ಅನ್ಲಿಲ್ಲ. ಪಟ್ಟಿ ಸಮೇತ ಅವನ ಜೊತೆ ಹೋಗ್ಲಿ ಇವತ್ತು.”

ಹಲ್ಡಾ ಬೆಳ್ಳಿಯನ್ನು ಮಗುಚಿದಳು. “ಹಿಂದೆ ಬರೀ ಕೊಕ್ಕೆ. ಪಿಸ್ತೂಲು, ಗುಂಡು ಎಲ್ಲ ಸೇರಿ ಎಷ್ಟು ಭಾರ ಗೊತ್ತಾ? ಕುದುರೆ ಎರಡು ಸಲ ನೆಗೆದ್ರೆ ಕೊಕ್ಕೆ ಜಾರತ್ತೆ. ಇದಕ್ಕೆ ತೂತಿಗಿಳಿಯೋ ಮುಳ್ಳಿರೋ ಬಕಲ್ಲೇ ಆಗ್ಬೇಕು.”

“ಪೆಟ್ಟಿಗೇಲಿ ಮಲಗಿರೋನಿಗೆ ಎಂಥ ಭಾರ ಕಣಮ್ಮ? ಅವನೇನು ಎದ್ದು ಕುದುರೆ ಹತ್ತಾನಾ?”

ಹಲ್ಡಾ ಬೆಳ್ಳಿಯನ್ನು ಅವನ ಕಡೆಗೆ ಸರಿಸಿದಳು. ಸರಿಯಾದ ಬಕಲ್ ಹಾಕಿ ಕೊಡುತ್ತೇನೆ ಎಂದು ಬದುಕಿದ್ದವನಿಗೆ ಹೇಳಿದ್ದಳು. ಸತ್ತವನಿಗೆ ಸರಿಯಾದದ್ದು ಯಾವುದು ಎಂದು ಅವಳಿಗೆ ಕಸುಬು ಹೇಳಿಕೊಟ್ಟ ಅಪ್ಪ ಕಲಿಸಿರಲಿಲ್ಲ.

“ಮನೆಗೇ ತರ್ತೀನಿ,” ಎಂದಳು. “ಮಣ್ಣು ಎರಡು ಗಂಟೆಗಲ್ವಾ? ಅಷ್ಟರೊಳಗೆ ಹಾಕ್ತೀನಿ.”

*

ಏಪ್ರಿಲ್‌ನಲ್ಲಿ ಮೊದಲ ಸಲ ಬಂದಾಗ ಡೆಲ್ಬರ್ಟ್ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ್ದ.

“ಮೂರಿಂಚಿನ ಪಟ್ಟಿಗೆ ಮೂರಿಂಚಿನ ಬಕಲ್ ಹಾಕ್ತೀಯ ತಾನೆ?”

“ಹಾಕಿದ್ರೆ ಬಗ್ಗಿ ತೂಬು ತಿರುಗಿಸೋವಾಗ ಹೊಟ್ಟೆಗೆ ಚುಚ್ಚತ್ತೆ. ಅಗಲ ಇರ್ಬೇಕಾದ್ದು ಸೊಂಟದ ಸುತ್ತ, ಭಾರ ಹೊರೋ ಕಡೆ. ಮುಂದೆ ಒಂದೂವರೆ ಇಂಚಿನ ಕಿರುಪಟ್ಟಿ ಹೊಲೀತೀನಿ, ಬಕಲ್ಲೂ ಅಷ್ಟೇ ಅಗಲ.”

“ಹಂಗಾದ್ರೆ ಕಿರುಪಟ್ಟಿ ಉದ್ದ ಇರ್ಲಿ,” ಎಂದಿದ್ದ ಅವನು. “ಅಗಲದ್ದು ಗಿಡ್ಡಕ್ಕಿರ್ಲಿ. ತೂತು ಒಳಗಡೆವರೆಗೂ ಹೊಡಿ.”

“ಎಷ್ಟು ಒಳಗೆ?”

“ಇಪ್ಪತ್ತೆಂಟು ಇಂಚಿನ ಸೊಂಟಕ್ಕೂ ಬಿಗಿಯೋ ಅಷ್ಟು.”

ಹಲ್ಡಾ ನಕ್ಕಿದ್ದಳು. ಡೆಲ್ಬರ್ಟ್‌ನ ಸೊಂಟ ಆಗ ನಲವತ್ತಕ್ಕೆ ಕಡಿಮೆ ಇರಲಿಲ್ಲ. “ಏನು, ಉಪವಾಸ ಮಾಡೋ ಯೋಚನೆನಾ?”

“ಯಾರಿಗೆ ಗೊತ್ತು ತಾಯಿ,” ಎಂದು ಅವನೂ ನಕ್ಕಿದ್ದ.

ಆಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದ. ಬಂದಾಗಲೆಲ್ಲ ಪ್ಯಾಂಟು ಇನ್ನಷ್ಟು ಸಡಿಲ. ಡಬ್ಬಿಯ ಮುಂದೆ ಕೂತು, ಬಲಗೈ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಉಳಿದ ನಾಲ್ಕು ಬೆರಳಿನಿಂದ ಒಂದೊಂದೇ ಬಕಲ್ಲಿಗೆ ಪಟ್ಟಿ ತೂರಿಸಿ ನೋಡುವನು. ಆಗದಿದ್ದರೆ ತಲೆಯಾಡಿಸುವನು. “ಇದಲ್ಲ. ಮುಂದಿನ ಸಲ ನೋಡೋಣ.”

“ಕೈ ಸರಿ ಇಟ್ಕೊಂಡು ಹಾಕಿ ನೋಡಿ! ಚಿಕ್ಕ ಮಕ್ಕಳ ಹಂಗೆ ಆಟ ಆಡ್ತೀರಲ್ಲ.”

“ಆಟಾನೇ ಅಂದ್ಕೊ. ಮುಗಿಯೋವರೆಗೂ ಬಿಡ್ಬೇಡ. ಸರಿಯಾದ್ದನ್ನ ಹಾಕ್ತೀನಿ ಅಂತ ಮಾತು ಕೊಡು.”

ಕೊಟ್ಟಿದ್ದಳು.

*

ನೀರುಗಂಟಿಯ ಮನೆ ಊರಿಂದ ಹನ್ನೆರಡು ಮೈಲಿ, ಕಾಲುವೆಯ ದಡದಲ್ಲೇ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆ. ಅಡಿಗೆಮನೆಯಲ್ಲಿ ಹ್ಯಾಮು, ಆಲೂಗೆಡ್ಡೆ, ಬೀನ್ಸು, ಯಾರೂ ತಿನ್ನದ ನಾಲ್ಕು ಪೈಗಳು. ಪಕ್ಕದ ಹೊಲದ ಬರ್ನೀಸ್ ಕಾಫಿ ಬಗ್ಗಿಸುತ್ತಾ ಮಾತಾಡುತ್ತಿದ್ದಳು.

“ನನ್ನ ಬೀಟ್‌ಗೆಡ್ಡೆ ಹೊಲಕ್ಕೆ ಬುಧವಾರ ಮೂರು ಗಂಟೆವರೆಗೆ ನೀರು ಅಂದ್ರೆ ಮೂರೇ. ಒಂದ್ಸಲ ಹೇಳ್ದೆ, ಹತ್ತು ನಿಮಿಷ ಜಾಸ್ತಿ ಬಿಡಪ್ಪಾ, ಸೇಬಿನ ಪೈ ಕೊಡ್ತೀನಿ ಅಂತ. ಕೂತ್ಕೊಂಡು ಪೈ ತಿಂದ. ಬಾಯಿ ಒರೆಸ್ಕೊಂಡ. ಹೋಗಿ ತೂಬು ಮುಚ್ದ.”

“ಎರಡು ಹೋಳು ತಿಂದಿದ್ದ,” ಎಂದಳು ಡೆಲ್ಬರ್ಟ್‌ನ ಹೆಂಡತಿ ಥೀಡಾ. “ಮನೆಗೆ ಬಂದು ನಂಗೂ ಹೇಳ್ದ, ಪೈಲಿ ಉಪ್ಪು ಜಾಸ್ತಿ ಅಂತ.”

ನಗು ಬಂತು, ನಿಂತಿತು. ಥೀಡಾ ಗುಬ್ಬಿಯಂಥ ಹೆಂಗಸು. ಕಪ್ಪು ಉಡುಪಿನಲ್ಲಿ ಇನ್ನೂ ಸಣ್ಣಗೆ ಕಾಣುತ್ತಿದ್ದಳು. ಹಲ್ಡಾ ಪಟ್ಟಿಯನ್ನೂ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು. ಬಾಗಿಲ ಬಳಿ ನಿಂತಿದ್ದ ರಾಸ್ಕೋ ಬೆಳ್ಳಿಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

“ಪಟ್ಟಿ ನೋಡಕ್ಕೆ ಚೆನ್ನಾಗಿದೆ ಕಣೆ,” ಎಂದಳು ಥೀಡಾ. “ಅವನು ಹಾಕ್ಕೊಳೋದೊಂದು ಬಾಕಿ ಉಳೀತು. ನಿನ್ನೆ ಕಾಲುವೆ ಕಮಿಟಿಯವನು ಬಂದಿದ್ದ. ಸೋಮವಾರದಿಂದ ನಾನು ತೂಬು ನೋಡ್ಕೋಬೇಕಂತೆ. ಇವನು ಏಪ್ರಿಲ್ಲಲ್ಲೇ ನನ್ನ ಹೆಸರು ಬರೆಸಿ ಬಂದಿದ್ನಂತೆ. ನನ್ನ ಒಂದು ಮಾತು ಕೇಳ್ದೆ!”

“ನೀನು ಏನಂದೆ?” ಎಂದಳು ಬರ್ನೀಸ್.

“ಕಾಲುವೆ ಗೊತ್ತು, ಕುದುರೆ ಸವಾರೀನೂ ಬರತ್ತೆ. ಆದ್ರೆ ತೂಬಿನ ಮೇಲೆ ಹಾವು ಸುತ್ಕೊಂಡಿರತ್ತೆ, ದಡಾನ ಬಿಲಕರಡಿ ಕೊರೀತಿರತ್ತೆ. ಪಿಸ್ತೂಲಿಲ್ದೆ ಯಾರೂ ಹೋಗಲ್ಲ. ಈ ಕೈಲಿ ನಾನು ಯಾವ ಪಟ್ಟಿ ಕಟ್ಕೊಳ್ಳಿ? ಆಗಲ್ಲ ಅಂತ ಹೇಳಿ ಕಳಿಸ್ತೀನಿ. ಮನೆ ಕಮಿಟೀದು, ಬಿಟ್ಕೊಡ್ಬೇಕು. ತಂಗಿ ಮನೇಲಿ ಒಂದು ಮಂಚ ಇದೆ.”

ಅವಳು ಲೋಟ ಎತ್ತಿದಳು. ಯಾವಾಗಲೂ ಕೈಗವಸಿನಲ್ಲಿರುತ್ತಿದ್ದ ಅವಳ ಬಲಗೈಯನ್ನು ಹಲ್ಡಾ ಮೊದಲ ಬಾರಿಗೆ ಬರಿದಾಗಿ ನೋಡಿದಳು. ಎಂದೋ ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕಿದ ಹೆಬ್ಬೆರಳು ಒಣಗಿದ ಕಡ್ಡಿಯಂತೆ ಅಂಗೈಗೆ ಅಂಟಿಕೊಂಡಿತ್ತು. ಲೋಟವನ್ನು ನಾಲ್ಕೇ ಬೆರಳು ಹಿಡಿದಿದ್ದವು.

“ಥೀಡಕ್ಕ,” ಎಂದಳು ಹಲ್ಡಾ, ನಿಧಾನವಾಗಿ. “ನಿಮ್ಮ ಸೊಂಟ ಎಷ್ಟು?”

“ಇದೇನೇ ಇವತ್ತು ಕೇಳೋ ಮಾತಾ? ಇಪ್ಪತ್ತೆಂಟು.”

ಹಲ್ಡಾ ಕುರ್ಚಿ ಎಳೆದು ಕೂತಳು. ಗಿಡ್ಡಕ್ಕೆ ಕತ್ತರಿಸಿದ ಅಗಲಪಟ್ಟಿ, ಒಳಗಿನವರೆಗೂ ಹೊಡೆದ ತೂತು, ಮಡಚಿಕೊಂಡ ಹೆಬ್ಬೆರಳು, ಎಲ್ಲವನ್ನೂ ಹೇಳಿದಳು. ಥೀಡಾ ಕಿರುಪಟ್ಟಿಯ ತೂತುಗಳನ್ನು ಒಂದೊಂದಾಗಿ ಕೊನೆಯವರೆಗೂ ಮುಟ್ಟಿ ನೋಡಿದಳು.

“ಕಳ್ಳ,” ಎಂದಳು ಥೀಡಾ ಕೊನೆಗೆ. “ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ತು ಅವನಿಗೆ?”

“ಕಾಯಿಲೆ ಅಂತ ಹೇಳಿದ್ರೆ ನೀನು ಅವನ ಕಿವಿ ಹಿಡಿದು ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ,” ಎಂದಳು ಬರ್ನೀಸ್. “ಮೂರು ಗಂಟೆಗೆ ಸರಿಯಾಗಿ ತೂಬು ಯಾರು ಮುಚ್ತಿದ್ರು?”

ರಾಸ್ಕೋ ಕೆಮ್ಮಿದ. “ಆದ್ರೂ ಪಟ್ಟಿ ಅವನ ಜೊತೆ ಹೋಗ್ಲಿ ಅಂತಿದ್ದೆ.”

“ಪಟ್ಟಿ ಕುದುರೆ ಹತ್ತೋರದ್ದು ಅಣ್ಣ. ನಿನ್ನ ಬೆಳ್ಳೀನ ತಮ್ಮನ ಪ್ಯಾಂಟಿನ ಪಟ್ಟಿಗೆ ಸಿಕ್ಕಿಸು. ಅಲ್ಲಿ ಭಾರ ಇಲ್ಲ, ಕೊಕ್ಕೆ ಸಾಕು,” ಎಂದಳು ಹಲ್ಡಾ.

ಮುದುಕ ಬೆಳ್ಳಿಯನ್ನು ತೋಳಿನ ಬಟ್ಟೆಗೆ ಉಜ್ಜುತ್ತಾ ಮುಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಹಲ್ಡಾ ಡಬ್ಬಿ ತೆರೆದಳು. ಥೀಡಾ ಒಂದೊಂದನ್ನೇ ಪ್ರಯತ್ನಿಸಿದಳು. ಅಚ್ಚಿನಲ್ಲಿ ಎರಕ ಹೊಯ್ದ ದಪ್ಪನೆಯದು, ಮೂಲೆ ಕತ್ತರಿಸಿದ ಚೌಕದ್ದು, ಲಾಳದ ಆಕಾರದ್ದು. ಎಲ್ಲದರಲ್ಲೂ ಒಂದೇ ಕತೆ. ಹೊಸ ತೊಗಲು ಹಿತ್ತಾಳೆಯ ಅಂಚಿಗೆ ಕಚ್ಚಿಕೊಳ್ಳುತ್ತಿತ್ತು; ಹೆಬ್ಬೆರಳು ಒತ್ತಿ ಹಿಡಿಯದೆ ಅದು ಮುಂದೆ ಸರಿಯುತ್ತಿರಲಿಲ್ಲ.

“ಬಿಡೆ. ಅವನಿಗೂ ಸಿಗ್ಲಿಲ್ಲ, ನಿನಗೂ ಸಿಗಲ್ಲ.”

ಗಡಿಯಾರ ಒಂದು ಗಂಟೆ ಹೊಡೆಯಿತು. ಹಲ್ಡಾ ತನ್ನ ಉಪಕರಣಗಳ ಚೀಲವನ್ನೇ ದಿಟ್ಟಿಸುತ್ತಿದ್ದಳು. ಅದರ ಬಾಯಿಗೆ ಅವಳ ಅಪ್ಪ ಹಾಕಿದ್ದ ಕಬ್ಬಿಣದ ಬಕಲ್. ಅಂಚಿಗೆ ಸಣ್ಣದೊಂದು ಉರುಳೆ. ಎಳೆದರೆ ತಿರುಗಿ, ತೊಗಲನ್ನು ತಾನೇ ದಾಟಿಸುವಂಥದ್ದು. ಕುದುರೆ ಸಾಮಾನಿಗೆ ಹಾಕುವ ಬಕಲ್. ಪಿಸ್ತೂಲಿನ ಪಟ್ಟಿಗೆ ಯಾವ ಜೀನುಗಾರನೂ ಇದನ್ನು ಹೊಲಿಯುವುದಿಲ್ಲ, ಮರ್ಯಾದೆಗೆ ಕಮ್ಮಿ. ಅದಕ್ಕೇ ಡೆಲ್ಬರ್ಟ್‌ನ ಮುಂದೆ ಅವಳು ಹಿತ್ತಾಳೆಯ ಡಬ್ಬಿಯನ್ನಷ್ಟೇ ಇಡುತ್ತಾ ಬಂದಿದ್ದಳು. ಐದು ತಿಂಗಳು.

ಅವಳು ಚಾಕು ತೆಗೆದು ಅಪ್ಪನ ಹೊಲಿಗೆ ಕತ್ತರಿಸಿದಳು.

ದಬ್ಬಳ ಚುಚ್ಚಿ, ಮೇಣದ ದಾರಕ್ಕೆ ಎರಡೂ ಕಡೆ ಸೂಜಿ ಪೋಣಿಸಿ, ಅಡಿಗೆಮನೆಯ ಮೇಜಿನ ಮೇಲೆ ಹೊಲಿಯತೊಡಗಿದಳು. ಹೊರಗೆ ಕಾರುಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಯಾರೋ ಒಳಗೆ ಇಣುಕಿ, ಹೊತ್ತಾಯಿತು ಎಂದರು. ಬರ್ನೀಸ್ ಅವರನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿದಳು. ಕೊನೆಯ ಗಂಟು ಹಾಕಿ, ದಾರ ಕಚ್ಚಿ, ಹಲ್ಡಾ ಪಟ್ಟಿಯನ್ನು ಮೇಜಿನಾಚೆಗೆ ತಳ್ಳಿದಳು.

ಥೀಡಾ ಎದ್ದು ನಿಂತು ಅದನ್ನು ಕಪ್ಪು ಉಡುಪಿನ ಮೇಲೆಯೇ ಸುತ್ತಿಕೊಂಡಳು. ಸಹಾಯಕ್ಕೆ ಚಾಚಿದ ಬರ್ನೀಸಳ ಕೈಯನ್ನು ಮೊಣಕೈಯಿಂದ ಸರಿಸಿದಳು. ಕಿರುಪಟ್ಟಿಯನ್ನು ಬಕಲ್ಲಿಗೆ ತೂರಿಸಿ, ನಾಲ್ಕು ಬೆರಳಿನಲ್ಲಿ ಹಿಡಿದು ಎಳೆದಳು. ಉರುಳೆ ತಿರುಗಿತು. ತೊಗಲು ಸರಸರ ಜಾರಿ ಬಂತು, ಮುಳ್ಳು ತಾನಾಗಿ ತೂತಿಗಿಳಿಯಿತು.

ಬಿಚ್ಚಿದಳು. ಮತ್ತೆ ಎಳೆದಳು. ಈ ಸಲ ಅವಳು ಕೈಯನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ, ಬಿಸಿಲಲ್ಲಿ, ಕಾಲುವೆಯ ನೀರು ಎಲ್ಲಿವರೆಗೆ ಏರಿದೆ ಎಂದು ನೋಡುತ್ತಿದ್ದಳು.